ನೆಟ್ಟಗೆ ತೆಗೆದ ಒಂದು ಫೋಟೋ

"ಮುಖ ಕಾಣೋದು ಕೊಡಿ ಅಮ್ಮ," ಅಂತ ದೂರು ಬರೆದುಕೊಳ್ಳುತ್ತಿದ್ದ ಪೊಲೀಸಿನವನು ಎರಡನೇ ಸಲ ಕೇಳಿದ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದೂ ತೆಗೆದೂ ಊರಿಗೆಲ್ಲ ಎಕ್ಸ್‌ರೇ ಅಕ್ಕ ಆಗಿದ್ದವಳು ಮೇಜಿನ ಮೇಲೆ ಹರಡಿದ್ದ ಚಿತ್ರಗಳನ್ನು ಮತ್ತೆ ಮೊದಲಿಂದ ತಿರುವಿ ಹಾಕಿದಳು. ಕಿಟಕಿಯ ಹತ್ತಿರ ನಿಂತ ಅಣ್ಣನ ಬೆನ್ನು. ಗೋಡೆಯ ಮೇಲೆ ಅಣ್ಣನ ನೆರಳು. ಬೆಂಚಿನ ತುದಿಯಲ್ಲಿ ಅಣ್ಣನ ಚಪ್ಪಲಿ, ಅದರೊಳಗೆ ಅಣ್ಣನ ಪಾದ. ಛತ್ರಿ ಹಿಡಿದ ಅಣ್ಣ, ಅಂದರೆ ಛತ್ರಿ ಪೂರ್ತಿ ಮತ್ತು ಅಣ್ಣ ಸೊಂಟದಿಂದ ಕೆಳಗೆ. ಒಟ್ಟು ನಲವತ್ತೊಂದು ಚಿತ್ರ. ಎಲ್ಲವೂ ದಪ್ಪ ಕಾಗದದ ಮೇಲೆ ಮುದ್ರಿಸಿ, ಸುತ್ತ ಅಂಗುಲದಷ್ಟು ಬಿಳಿ ಅಂಚು ಬಿಟ್ಟವು. ಒಂದರಲ್ಲೂ ಕಣ್ಣು, ಮೂಗು, ಬಾಯಿ ಒಟ್ಟಿಗೆ ಇರಲಿಲ್ಲ.

"ಇವರು ನಿಮ್ಮ ಅಣ್ಣನೋ, ಇಲ್ಲ ತಲೆಮರೆಸಿಕೊಂಡು ಓಡಾಡೋ ಕೆಲಸದಲ್ಲಿದ್ರೋ?" ಅಂದ ಪೊಲೀಸಿನವನು. ಅಂದಮೇಲೆ ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಕೆಟ್ಟವನಲ್ಲ ಪಾಪ. ಗುರುತಿನ ಚೀಟಿ ಕೇಳಿದ, ಕೊಟ್ಟಳು. ಎರಡು ಸಲ ಅಂಗಿಯ ಜೇಬಿನಲ್ಲಿ ಕೂತು ಒಗೆಸಿಕೊಂಡ ಚೀಟಿ ಅದು. ಅದರಲ್ಲಿದ್ದದ್ದು ಮನುಷ್ಯನೋ ಮಸಿಯ ಕಲೆಯೋ ದೇವರಿಗೇ ಗೊತ್ತು. ಅಣ್ಣ ದುಡಿದ ಕಾರ್ಖಾನೆಯ ಗುಂಪು ಫೋಟೋ ಕೊಟ್ಟಳು. ಅದರಲ್ಲಿ ಅಣ್ಣ ಹಿಂದಿನ ಸಾಲಿನಲ್ಲಿದ್ದ. ಮುಂದಿದ್ದವನ ಕಿವಿಯ ಪಕ್ಕ ಅವನ ಅರ್ಧ ಹಣೆ ಕಾಣುತ್ತಿತ್ತು.

"ಮೊಬೈಲಲ್ಲಿ?" ಅಂದ.

ಮೊಬೈಲಿನಲ್ಲಿ ಇದ್ದದ್ದು ಆಸ್ಪತ್ರೆಯ ಡ್ಯೂಟಿ ಪಟ್ಟಿಯ ಫೋಟೋಗಳು ಮಾತ್ರ. ಅವಳು ಇಲ್ಲ ಅಂತ ತಲೆಯಾಡಿಸಿದಳು. ಪೊಲೀಸಿನವನು ಪೆನ್ನು ಕೆಳಗಿಟ್ಟು, "ಹೋಗಲಿ, ಬಾಯಲ್ಲಿ ಹೇಳಿ, ಬರ್ಕೋತೀನಿ," ಅಂದ. ಅರವತ್ತಮೂರು ವರ್ಷ. ಸಾಧಾರಣ ಎತ್ತರ. ಎಡಗೈಯ ಉಂಗುರದ ಬೆರಳಿಗೆ ತುದಿ ಇಲ್ಲ, ಲೇತು ಮಿಷನ್ನಿಗೆ ಸಿಕ್ಕಿದ್ದು. ಒಂದು ವರ್ಷದಿಂದ ಸ್ವಲ್ಪ ಮರೆವು. ಈ ಕೊನೆಯದನ್ನು ಹೇಳುವಾಗ ಅವಳ ದನಿ ತಗ್ಗಿತು, ಏನೋ ತಪ್ಪು ಒಪ್ಪಿಕೊಳ್ಳುವವಳ ಹಾಗೆ.

ಆವತ್ತು ಮಂಗಳವಾರ. ಬೆಳಿಗ್ಗೆ ಅವಳು ಆಸ್ಪತ್ರೆಗೆ ಹೊರಟಾಗ ಅಣ್ಣ ಬಾಗಿಲಲ್ಲಿ ನಿಂತು, "ಬೇಗ ಬಾ ಪುಟ್ಟಿ," ಅಂದಿದ್ದ. ಐವತ್ತೆರಡು ವರ್ಷದ ಹೆಂಗಸನ್ನು ಪುಟ್ಟಿ ಅಂತ ಕರೆಯಲು ಈ ಲೋಕದಲ್ಲಿ ಅವನೊಬ್ಬನೇ ಉಳಿದಿದ್ದ. ಎರಡು ಗಂಟೆಗೆ ಬಂದಾಗ ಮನೆ ಬಾಗಿಲು ಹಾರುಹೊಡೆದಿತ್ತು. ಒಲೆಯ ಮೇಲೆ ಟೀ ಪಾತ್ರೆ ಇತ್ತು, ಒಲೆ ಹಚ್ಚಿರಲಿಲ್ಲ. ಅಣ್ಣ ಇರಲಿಲ್ಲ.

ಇಷ್ಟು ಫೋಟೋ ತೆಗೆದವಳ ಮನೆಯಲ್ಲಿ ಮುಖ ಕಾಣುವ ಒಂದು ಫೋಟೋ ಇಲ್ಲ ಅಂದರೆ ಯಾರು ನಂಬುತ್ತಾರೆ? ನಂಬಬೇಕಾದರೆ ಅವಳಿದ್ದ ಫೋಟೋ ಸಂಘದ ಕತೆ ತಿಳಿಯಬೇಕು.

ಸಂಘ ಅಂದರೆ ಬಹಳ ದೊಡ್ಡದೇನಲ್ಲ, ನಾಲ್ಕು ಜನ. ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದವರೊಬ್ಬರು, ಅವರೇ ಗುರು. ಹಲ್ಲಿನ ಡಾಕ್ಟರಮ್ಮ ಒಬ್ಬರು. ಬೇಕರಿಯವನೊಬ್ಬ. ಮತ್ತೆ ಇವಳು. ತಿಂಗಳ ಮೊದಲ ಭಾನುವಾರ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ, ರೋಗಿಗಳು ದವಡೆ ಹಿಡಿದುಕೊಂಡು ಕೂರುವ ಕುರ್ಚಿಗಳಲ್ಲಿ ಕೂತು ಸಭೆ. ಗೋಡೆಯಿಂದ ಗೋಡೆಗೆ ಒಂದು ದಾರ. ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಒಬ್ಬೊಬ್ಬರದು ಒಂದು ಚಿತ್ರ. ಚಿತ್ರ ನೇತುಹಾಕಿದವರು ಅದರ ಹಿಂದಿನ ಕತೆ ಹೇಳಬೇಕು. ಎಲ್ಲಿ ತೆಗೆದದ್ದು, ಆಗ ಮನಸ್ಸಿನಲ್ಲಿ ಏನಿತ್ತು, ಎಲ್ಲ. ಕತೆ ಮುಗಿದ ಮೇಲೆ ಮೇಷ್ಟ್ರ ನಿಯಮ: ಈ ತಿಂಗಳು ತೆಗೆದದ್ದರಲ್ಲಿ ಉಳಿಯುವುದು ಇದೊಂದೇ. ಮಿಕ್ಕಿದ್ದನ್ನೆಲ್ಲ ಎಲ್ಲರ ಎದುರಿಗೆ, ಅಲ್ಲೇ ಕೂತು ಅಳಿಸಬೇಕು. "ಎಲ್ಲ ಇಟ್ಕೊಳ್ಳೋರಿಗೆ ಆರಿಸೋಕೆ ಬರಲ್ಲ," ಅನ್ನುತ್ತಿದ್ದರು ಮೇಷ್ಟ್ರು. ನಾಲ್ಕೂ ಜನ ತಲೆ ಬಗ್ಗಿಸಿ ಗುಂಡಿ ಒತ್ತುತ್ತಾ ಕೂರುತ್ತಿದ್ದರು. ಅದೊಂದು ದೊಡ್ಡ ತ್ಯಾಗ ಅನ್ನೋ ಹಾಗೆ ಒಬ್ಬರನ್ನೊಬ್ಬರು ನೋಡಿ ನಿಟ್ಟುಸಿರು ಬಿಡುತ್ತಿದ್ದರು.

ಅಣ್ಣ ಪ್ರತಿ ಸಭೆಗೂ ಬರುತ್ತಿದ್ದ. ಕ್ಯಾಮೆರಾ ಕೊಡಿಸಿದವನೇ ಅವನು. ಅಪ್ಪ ಅಮ್ಮ ಹೋದಮೇಲೆ ಲೇತು ತಿರುಗಿಸಿ ಇವಳಿಗೆ ಎಕ್ಸ್‌ರೇ ಕೋರ್ಸು ಓದಿಸಿದವನು. ಇಬ್ಬರಿಗೂ ಮದುವೆ ಕೂಡಿ ಬರಲಿಲ್ಲ. ಅದರ ಬಗ್ಗೆ ಅವರು ಮಾತಾಡುತ್ತಲೂ ಇರಲಿಲ್ಲ. ಕೆಲಸ ಬಿಟ್ಟ ದಿನ ಕೈಗೆ ಬಂದದ್ದರಲ್ಲಿ ಕ್ಯಾಮೆರಾ ತಂದು, "ದಿನಾ ಜನರ ಎಲುಬು ನೋಡಿ ನೋಡಿ ನಿನಗೆ ಬೇಜಾರಾಗಲ್ವಾ? ಹೊರಗಿನದೂ ಸ್ವಲ್ಪ ನೋಡು," ಅಂದಿದ್ದ.

ಅವಳು ಮೊಟ್ಟಮೊದಲು ತೆಗೆದದ್ದು ಅವನನ್ನೇ. ಹಿತ್ತಲ ಬಾಗಿಲಲ್ಲಿ, ಕತ್ತಿಗೆ ಟವಲು ಹಾಕಿಕೊಂಡು, ಆಗಷ್ಟೇ ಗಡ್ಡ ಬೋಳಿಸಿ ಕೆನ್ನೆಯ ಮೇಲೆ ಒಂದು ಚೂರು ಸೋಪು ಉಳಿದಿದ್ದ ಅಣ್ಣ. ನೇರವಾಗಿ ಕ್ಯಾಮೆರಾ ನೋಡಿಕೊಂಡು ನಗುತ್ತಿದ್ದ. ಮುಂದಿನ ಹಲ್ಲೊಂದು ಇನ್ನೊಂದರ ಮೇಲೆ ಸ್ವಲ್ಪ ಹತ್ತಿ ಕೂತದ್ದು ಚೆನ್ನಾಗಿ ಕಾಣುತ್ತಿತ್ತು. ಅದನ್ನೇ ಮೊದಲ ಸಭೆಗೆ ಒಯ್ದು ದಾರಕ್ಕೆ ಸಿಕ್ಕಿಸಿದಳು. ಮೇಷ್ಟ್ರು ಕನ್ನಡಕ ಮೇಲೆತ್ತಿ ನೋಡಿ, "ಇದೇನಮ್ಮಾ, ಪಾಸ್‌ಪೋರ್ಟ್ ಫೋಟೋ ತಂದಿದ್ದೀರಿ?" ಅಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಣ್ಣ. ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕತೆಯನ್ನೂ ಹೇಳಲಿಲ್ಲ. ಅಲ್ಲೇ ಕಾಗದ ಹರಿದು, ಕ್ಯಾಮೆರಾದಿಂದಲೂ ಅಳಿಸಿದಳು.

ಆಮೇಲೆ ಅವಳು ಕಲಿತಳು. ಮುಖ ತೋರಿಸಿದರೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ, ಮುಚ್ಚಿದರೆ ನೋಡುವವನು ಯೋಚಿಸುತ್ತಾನೆ ಅಂತ ಮೇಷ್ಟ್ರು ಹೇಳಿಕೊಟ್ಟರು. ಸಂಘದಲ್ಲಿ ಪಾಸ್‌ಪೋರ್ಟ್ ಫೋಟೋ ಅನ್ನುವುದು ಬೈಗುಳವಾಯಿತು. ಅಣ್ಣ ಎಲ್ಲರಿಗೂ ಪುಕ್ಕಟೆ ಸಿಕ್ಕುವ ಆಸಾಮಿ. ನಿಲ್ಲು ಅಂದರೆ ನಿಲ್ಲುತ್ತಿದ್ದ, ತಿರುಗು ಅಂದರೆ ತಿರುಗುತ್ತಿದ್ದ. ಐದು ವರ್ಷ ನಾಲ್ಕು ಜನ ಸೇರಿ ಆ ಮನುಷ್ಯನನ್ನು ಚೂರು ಚೂರಾಗಿ ತೆಗೆದರು.

ಬುಧವಾರ ಇಡೀ ದಿನ ಅವಳು ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಆಸ್ಪತ್ರೆ, ರೈಲು ನಿಲ್ದಾಣ, ಹಳೇ ಕಾರ್ಖಾನೆ ಅಂತ ಸುತ್ತಿದಳು. ಎಲ್ಲ ಕಡೆ ಅದೇ ಪ್ರಶ್ನೆ, ಫೋಟೋ ಇದೆಯಾ. ಸಂಜೆ ಐದಕ್ಕೆ ಡಾಕ್ಟರಮ್ಮ ಕ್ಲಿನಿಕ್ಕಿಗೆ ರಜೆ ಹಾಕಿ ಎಲ್ಲರನ್ನೂ ಕರೆದರು. ಅವರವರ ಹತ್ತಿರ ಅಣ್ಣನದು ಏನೇನಿದೆಯೋ ಎಲ್ಲ ತನ್ನಿ ಅಂದಿದ್ದರು.

ದಾರದ ಮೇಲೆ ಚಿತ್ರ ಹಾಕಿದರು. ಜಾಗ ಸಾಲದೆ ಕುರ್ಚಿಗಳ ಮೇಲೂ ಇಟ್ಟರು. ಒಂದು ಕಿವಿ ಸಿಕ್ಕಿತು. ಗಲ್ಲದ ಒಂದು ಬದಿ ಸಿಕ್ಕಿತು. ಮೇಷ್ಟ್ರ ಚಿತ್ರವೊಂದರಲ್ಲಿ ಹಬೆ ಹಿಡಿದ ಗಾಜಿನ ಆಚೆ ಪೂರ್ತಿ ಮುಖವೇ ಇತ್ತು, ಆದರೆ ಅದು ಯಾರ ಮುಖ ಬೇಕಾದರೂ ಆಗಬಹುದಿತ್ತು. ನಾಲ್ಕು ಜನ ಕಣ್ಣು ಕಣ್ಣು ಬಿಟ್ಟುಕೊಂಡು ನಿಂತರು.

"ಇದರ ಹಿಂದಿನ ಕತೆ ನಾನು ಸುಳ್ಳು ಹೇಳಿದ್ದೆ ಅಕ್ಕ," ಅಂದ ಬೇಕರಿಯವನು ಇದ್ದಕ್ಕಿದ್ದ ಹಾಗೆ.

ಅವನು ತೋರಿಸಿದ ಚಿತ್ರ ಎಲ್ಲರಿಗೂ ನೆನಪಿತ್ತು. ಬೇಕರಿಯ ಅರ್ಧ ಎತ್ತಿದ ಶಟರು, ಅದರ ಮೇಲೆ ಬೆಳಗಿನ ಬಿಸಿಲಿನಲ್ಲಿ ಅಣ್ಣನ ಉದ್ದನೆಯ ನೆರಳು. ದಿನದ ದುಡಿಮೆಗೆ ಹೊರಟವನ ಧೈರ್ಯ ಅಂತ ಅವನು ಹೇಳಿದ್ದಕ್ಕೆ ಹೋದ ವರ್ಷ ಎಲ್ಲರೂ ಚಪ್ಪಾಳೆ ತಟ್ಟಿದ್ದರು.

"ಆವತ್ತು ಅವರು ಎಲ್ಲಿಗೂ ಹೊರಟಿರಲಿಲ್ಲ. ಶಟರು ಎತ್ತುವಾಗ ಸುಮ್ಮನೆ ಬಂದು ನಿಂತ್ರು. ನೆರಳು ಚೆನ್ನಾಗಿ ಬಿದ್ದಿತ್ತು, ತೆಗೆದೆ. ಆಮೇಲೆ ನನ್ನ ಹತ್ತಿರ, ನಮ್ಮನೆ ಯಾವ ಕಡೆ ಅಂತ ಕೇಳಿದ್ರು. ತಮಾಷೆ ಅಂದ್ಕೊಂಡೆ. ಕಣ್ಣು ನೋಡಿದ ಮೇಲೆ ಗೊತ್ತಾಯ್ತು. ಕೈ ಹಿಡ್ಕೊಂಡು ಮನೆ ತನಕ ಬಿಟ್ಟು ಬಂದೆ."

"ನನಗೆ ಯಾಕೆ ಹೇಳಲಿಲ್ಲ?"

"ಪುಟ್ಟಿಗೆ ಹೇಳಬೇಡ ಅಂದ್ರು. ಹೇಳಿದ್ರೆ ಅವಳು ನನ್ನ ಕಾಯ್ಕೊಂಡು ಕೂತ್ಕೋತಾಳೆ, ಕ್ಯಾಮೆರಾ ಮೂಲೆಗೆ ಇಡ್ತಾಳೆ ಅಂದ್ರು."

ಎಕ್ಸ್‌ರೇ ಅಕ್ಕನಿಗೆ ಬೇಕರಿಯವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅಷ್ಟರಲ್ಲಿ ಡಾಕ್ಟರಮ್ಮ, ಅಣ್ಣನ ಎರಡು ಕೈಗಳು ಕುರ್ಚಿಯ ತೋಳಿನ ಮೇಲಿದ್ದ ಚಿತ್ರವನ್ನು ದಾರದಿಂದ ಬಿಡಿಸಿಕೊಂಡರು.

"ನಾನೂ ಅಷ್ಟೇ. ದುಡಿದ ಕೈಗಳ ವಿಶ್ರಾಂತಿ ಅಂತ ಏನೇನೋ ಹೇಳಿದ್ದೆ. ಹಲ್ಲು ನೋವು ಅಂತ ಬಂದಿದ್ರು. ಕುರ್ಚಿ ಹಿಂದಕ್ಕೆ ಬಾಗಿಸಿದ ತಕ್ಷಣ ಯಾಕೆ ಬಂದೆ ಅನ್ನೋದು ಮರೆತು ಹೋಯ್ತು. ಹೆದರಿಬಿಟ್ರು. ನೋಡಿ, ಬೆರಳ ಗೆಣ್ಣು ಹೇಗೆ ಬೆಳ್ಳಗಾಗಿದೆ. ವಿಶ್ರಾಂತಿಯಂತೆ." ಡಾಕ್ಟರಮ್ಮ ಚಿತ್ರವನ್ನು ಮಗುಚಿ ಕುರ್ಚಿಯ ಮೇಲಿಟ್ಟರು. "ಆ ಕೈ ಹಿಡ್ಕೋಬೇಕಿತ್ತು ನಾನು. ಕ್ಯಾಮೆರಾ ಹಿಡ್ಕೊಂಡೆ."

ಮೇಷ್ಟ್ರು ಹಬೆ ಹಿಡಿದ ಗಾಜಿನ ಚಿತ್ರದ ಕಡೆಗೇ ನೋಡುತ್ತಿದ್ದರು. "ಗಾಜು ಒರೆಸ್ತೀನಿ ಅಂದ್ರು, ಕರ್ಚೀಫು ತೆಗೆದ್ರು. ಬೇಡ, ಹಾಗೇ ಇರಲಿ ಅಂದೆ ನಾನು," ಅಂದರು.

"ನಿಮಗೆಲ್ಲ ಗೊತ್ತಿತ್ತು," ಅಂದಳು ಅವಳು. "ಎಲ್ಲರಿಗೂ ಗೊತ್ತಿತ್ತು. ಒಬ್ಬರೂ ತುಟಿ ಪಿಟಿಕ್ ಅನ್ನಲಿಲ್ಲ."

ಇದಕ್ಕೆ ಯಾರೂ ಉತ್ತರ ಕೊಡಬೇಕಾಗಿರಲಿಲ್ಲ. ಯಾಕೆಂದರೆ ಅವಳದೇ ಚಿತ್ರ ದಾರದ ನಡುವೆ ತೂಗುತ್ತಿತ್ತು. ಕಿಟಕಿಯ ಹತ್ತಿರ ಅಣ್ಣನ ಬೆನ್ನು, ಕಿವಿಯ ಅಂಚಿನಲ್ಲಿ ಬಿಸಿಲು. 'ಕಾಯುವಿಕೆ' ಅಂತ ಹೆಸರಿಟ್ಟು ಪ್ರದರ್ಶನಕ್ಕೆ ಕಳಿಸಿ, ಮೊದಲ ಬಹುಮಾನ ಬಂದ ಚಿತ್ರ. ಅಣ್ಣ ಯಾರ ದಾರಿ ಕಾಯುತ್ತಿದ್ದಾನೆ ಅನ್ನುವುದಕ್ಕೆ ಅವಳು ವೇದಿಕೆಯ ಮೇಲೆ ಎಂಥ ಚೆಂದದ ಕತೆ ಹೇಳಿದ್ದಳು. ಕೇಳಿದವರು ಕಣ್ಣು ಒರೆಸಿಕೊಂಡಿದ್ದರು.

ನಿಜವಾದ ಕತೆ ಬೇರೆ ಇತ್ತು. ಅದನ್ನು ಈಗ ಅವಳು ನಿಂತಲ್ಲೇ, ಯಾರ ಮುಖವನ್ನೂ ನೋಡದೆ ಹೇಳಿದಳು. ಆವತ್ತು ಅಣ್ಣ ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದ. "ನೆಟ್ಟಗೆ ಒಂದು ಫೋಟೋ ತೆಗಿ ಪುಟ್ಟಿ. ಮುಖ ಪೂರ್ತಿ ಬರೋ ಹಾಗೆ. ಮುಂದಕ್ಕೆ ಬೇಕಾಗುತ್ತೆ," ಅಂದ. ಯಾಕೆ ಬೇಕಾಗುತ್ತೆ ಅಂತ ಅವಳು ಕೇಳಲಿಲ್ಲ. ಅವನಿಗೆ ತನ್ನ ತಲೆಯೊಳಗೆ ಏನಾಗುತ್ತಿದೆ ಅಂತ ಗೊತ್ತಿತ್ತು, ಅದಕ್ಕೇ ಕೇಳಿದ್ದ. ಇವಳಿಗೂ ಗೊತ್ತಾಗುತ್ತಿತ್ತು. ಟೀಗೆ ಉಪ್ಪು ಹಾಕಿದ್ದು, ಸತ್ತುಹೋದ ಅಮ್ಮನಿಗೆ ತಟ್ಟೆ ಇಟ್ಟದ್ದು, ಎಲ್ಲ ನೋಡಿಯೂ ನೋಡದ ಹಾಗೆ ಇದ್ದಳು. ಆದರೆ ಆವತ್ತು ಅವಳ ಕಣ್ಣು ಕಿಟಕಿಯ ಬಿಸಿಲಿನ ಮೇಲಿತ್ತು. "ಈ ಕಡೆ ಬೆಳಕು ಸರಿಯಿಲ್ಲ ಅಣ್ಣ. ಆ ಕಡೆ ತಿರುಗು," ಅಂದಳು.

"ತಿರುಗಿದ," ಅಂದಳು. "ಅದೇ ಈ ಚಿತ್ರ."

ಸಂಘ ಹುಟ್ಟಿದ ಮೇಲೆ ನಾಲ್ಕೂ ಜನ ಒಟ್ಟಿಗೆ ನಿಜ ಹೇಳಿದ್ದು ಆವತ್ತೇ ಇರಬೇಕು. ಅದರಿಂದ ಏನೂ ಉಪಯೋಗವಾಗಲಿಲ್ಲ.

ಕೊನೆಗೆ ಆ ಚಿತ್ರವನ್ನೇ ಪೋಸ್ಟರಿಗೆ ಹಾಕುವುದು ಅಂತ ಆಯಿತು. ಅದೊಂದರಲ್ಲೇ ತಲೆಯಿಂದ ಮೊಣಕಾಲಿನ ತನಕ ಆಳು ಪೂರ್ತಿ ಕಾಣುತ್ತಿದ್ದ. ಪೋಸ್ಟರು ಮೇಷ್ಟ್ರೇ ಮಾಡಿದರು. ಬೆಳಗಿನ ತನಕ ಕೂತು ಮಾಡಿದರಂತೆ, ಅವರ ಪ್ರೀತಿಗೆ ಹೆಸರಿಡುವ ಹಾಗಿಲ್ಲ. ಆದರೆ ಐವತ್ತು ವರ್ಷದ ಅಭ್ಯಾಸ ಎಲ್ಲಿಗೆ ಹೋಗುತ್ತೆ? ಚಿತ್ರ ದೊಡ್ಡದಾಗಿ, ಸುತ್ತ ಧಾರಾಳವಾಗಿ ಬಿಳಿ ಜಾಗ, ಮೇಲೆ ಕಾಣೆಯಾಗಿದ್ದಾರೆ ಅಂತ ಒಂದೇ ಸಾಲು. ವಯಸ್ಸು, ಬೆರಳು, ಮರೆವು, ಫೋನ್ ನಂಬರು ಎಲ್ಲ ಕೆಳಗೆ ಒಂದು ಮೂಲೆಯಲ್ಲಿ, ಕಣ್ಣಿಗೆ ಚುಚ್ಚದ ಹಾಗೆ ಸಣ್ಣಗೆ. ನೋಡಲು ಬಹಳ ಚೆನ್ನಾಗಿತ್ತು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ, ಅವಳಿಗೂ ಕೂಡ. ಗುರುವಾರ ಬೇಕರಿಯವನು ತನ್ನ ಬ್ರೆಡ್ಡಿನ ವ್ಯಾನಿನಲ್ಲಿ ಊರೆಲ್ಲ ಸುತ್ತಿ ಇನ್ನೂರು ಅಂಟಿಸಿದ.

ಒಂಬತ್ತು ದಿನ ಫೋನು ಬಂತು, ಬರಲಿಲ್ಲ ಅಂತಲ್ಲ. ಬೆನ್ನು ತಾನೇ, ಲೋಕದಲ್ಲಿ ಎಷ್ಟು ಬೆನ್ನಿಲ್ಲ. ನಮ್ಮ ಬೀದಿಯಲ್ಲಿ ಇದೇ ಥರ ಒಬ್ಬರು ನಿಂತಿದ್ದಾರೆ ಬನ್ನಿ ಅನ್ನುವರು. ಓಡುವಳು. ನಿಂತವರು ತಿರುಗಿದರೆ ಬೇರೆ ಯಾರೋ ಆಗಿರುವರು. ಹೀಗೆ ಹನ್ನೊಂದು ಬೆನ್ನು ನೋಡಿದಳು. ನಡುವೆ ಆಸ್ಪತ್ರೆಗೂ ಹೋಗಿ, "ಉಸಿರು ಎಳ್ಕೊಳ್ಳಿ, ಹಾಗೇ ಹಿಡ್ಕೊಳ್ಳಿ, ಈಗ ಬಿಡಿ," ಅಂತ ಹೇಳಿ ಬಂದಳು. ರಾತ್ರಿ ಬಾಗಿಲಿಗೆ ಅಗುಳಿ ಹಾಕುವುದನ್ನು ಬಿಟ್ಟಿದ್ದಳು.

ಹತ್ತನೇ ದಿನ, ಶನಿವಾರ ಮಧ್ಯಾಹ್ನ, ಅಂಟಿಸಿದ ಪೋಸ್ಟರುಗಳು ಇವೆಯೋ ಇಲ್ಲವೋ ನೋಡಿಕೊಂಡು ಬರೋಣ ಅಂತ ಊರಾಚೆಯ ಬಸ್ ನಿಲ್ದಾಣಕ್ಕೆ ಹೋದಳು. ಸಿಮೆಂಟು ಬೆಂಚು, ಅದರ ಎದುರಿಗೇ ಕಂಬ, ಕಂಬದ ಮೇಲೆ ಪೋಸ್ಟರು. ಒಂದು ಮೂಲೆ ಕಿತ್ತು ಬಂದಿತ್ತು. ಅಂಗೈಯಿಂದ ಒತ್ತಿ ಸರಿ ಮಾಡುತ್ತಿದ್ದಾಗ, ಪಕ್ಕದ ಟೀ ಅಂಗಡಿಯ ಹೆಂಗಸು ಲೋಟ ತೊಳೆಯುತ್ತಾ, "ನಿಮ್ಮವರೇನಮ್ಮ?" ಅಂತ ಕೇಳಿದಳು.

"ನಮ್ಮಣ್ಣ."

"ಇನ್ನೂ ಸಿಗಲಿಲ್ವಾ? ಅಯ್ಯೋ ಪಾಪ. ನೋಡೋಕೆ ಹೇಗಿದ್ರು?"

ಈ ಪ್ರಶ್ನೆಗೆ ಅವಳಿಗೆ ಈಗ ಉತ್ತರ ಬಾಯಿಪಾಠವಾಗಿತ್ತು. ಬಣ್ಣ, ಎತ್ತರ, ನರೆತ ಗುಂಗುರು ಕೂದಲು, ಹತ್ತಿ ಕೂತ ಹಲ್ಲು ಅಂತ ಹೇಳಿ, "ಎಡಗೈಯ ಈ ಬೆರಳಿಗೆ ತುದಿ ಇಲ್ಲ," ಅಂತ ತನ್ನ ಬೆರಳು ತೋರಿಸಿದಳು.

ಹೆಂಗಸು ಲೋಟ ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು, ಪೋಸ್ಟರು ನೋಡಿದಳು, ಮತ್ತೆ ಇವಳನ್ನು ನೋಡಿದಳು.

"ಆ ಬೆರಳಿನವರಾ? ಅವರು ಇಲ್ಲೇ ಇದ್ರಲ್ಲಮ್ಮ. ಭಾನುವಾರ ಬಂದ್ರು, ಸೋಮವಾರ ಮಧ್ಯಾಹ್ನದ ತನಕ ಈ ಬೆಂಚಿನ ಮೇಲೇ ಕೂತಿದ್ರು. ಲೋಟ ಹಿಡ್ಕೊಳ್ಳುವಾಗ ಬೆರಳು ನೋಡಿದೆ, ಅದಕ್ಕೇ ನೆನಪಿದೆ. ನಾನೇ ಎರಡು ಸಲ ಟೀ ಕೊಟ್ಟೆ, ಬನ್ನು ಕೊಟ್ಟೆ. ಬಹಳ ಮರ್ಯಾದಸ್ಥರು. ಇವರೇ ಅಂತ ನನಗೆ ಹೇಗಮ್ಮ ಗೊತ್ತಾಗಬೇಕು? ಇದರಲ್ಲಿ ಮುಖನೇ ಇಲ್ಲವಲ್ಲ."

"ಕೆಳಗೆ ಬರೆದಿದೆ," ಅಂದಳು ಎಕ್ಸ್‌ರೇ ಅಕ್ಕ. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು.

ಹೆಂಗಸು ಬಗ್ಗಿ, ಕಣ್ಣು ಕಿರಿದು ಮಾಡಿ ಮೂಲೆಯ ಅಕ್ಷರ ನೋಡಿದಳು. "ಇಷ್ಟು ಸಣ್ಣಗೆ ಬರೆದ್ರೆ ಇರುವೆಗಳು ಓದಬೇಕು," ಅಂದಳು. ಬೈಯಬೇಕು ಅಂತ ಅಂದದ್ದಲ್ಲ.

ಎಕ್ಸ್‌ರೇ ಅಕ್ಕ ಬೆಂಚಿನ ಮೇಲೆ ಕೂತಳು. ಕೂತರೆ ಪೋಸ್ಟರು ಸರಿಯಾಗಿ ಕಣ್ಣಿನ ಎದುರಿಗೆ ಬರುತ್ತಿತ್ತು. ಎರಡು ದಿನ ಅವನು ಇಲ್ಲಿ ಕೂತು ಇದನ್ನೇ ನೋಡಿದ್ದ.

"ನೋಡ್ತಿದ್ರು, ಅವರೂ ನೋಡ್ತಿದ್ರು," ಅಂದಳು ಹೆಂಗಸು, ಇವಳ ಮನಸ್ಸು ಓದಿದವಳ ಹಾಗೆ. "ಎದ್ದು ಹತ್ತಿರ ಹೋಗಿ ಬಹಳ ಹೊತ್ತು ನಿಂತಿದ್ರು. ಪರಿಚಯದವರಾ ಅಂತ ಕೇಳಿದೆ. ಇಲ್ಲ ಅಂದ್ರು. ಫೋಟೋ ಚೆನ್ನಾಗಿದೆ, ಬೆಳಕು ಸರಿಯಾಗಿ ಬಿದ್ದಿದೆ, ನನ್ನ ತಂಗಿನೂ ಇದೇ ಥರ ತೆಗೀತಾಳೆ ಅಂದ್ರು. ಆಮೇಲೆ, ಯಾರ ಮನೆಯವರೋ ಪಾಪ, ಮುಖ ತೆಗೆದಿದ್ರೆ ಯಾರಾದ್ರೂ ಮನೆಗೆ ಕರ್ಕೊಂಡು ಹೋಗ್ತಿದ್ರು ಅಂದ್ರು."

ಬಸ್ಸೊಂದು ಬಂದು, ಜನರನ್ನು ಇಳಿಸಿ ಹೊರಟುಹೋಯಿತು.

"ಯಾವ ಬಸ್ಸು ಹತ್ತಿದ?" ಅಂತ ಕೇಳಿದಳು ಕೊನೆಗೆ.

"ನೋಡಲಿಲ್ಲಮ್ಮ. ಗಿರಾಕಿ ಇದ್ರು. ತಿರುಗಿ ನೋಡಿದಾಗ ಬೆಂಚು ಖಾಲಿ. ಐದು ದಿನ ಆಗಿಹೋಯ್ತು." ಹೆಂಗಸು ಒಂದು ಲೋಟ ಟೀ ತಂದು ಅವಳ ಕೈಗೆ ಕೊಟ್ಟಳು. ಅವಳು ಕುಡಿಯದೆ ಹಿಡಿದುಕೊಂಡಳು. ಇಲ್ಲಿಂದ ಹೊರಡುವ ಬಸ್ಸುಗಳು ಎಲ್ಲೆಲ್ಲಿಗೆ ಹೋಗುತ್ತವೆ ಅನ್ನುವ ಪಟ್ಟಿ ಎದುರಿನ ಗೋಡೆಯ ಮೇಲಿತ್ತು. ಅದು ನೆಲದಿಂದ ಸೂರಿನ ತನಕ ಇತ್ತು.

"ಈಗಲಾದ್ರೂ ಮುಖ ಇರೋದೊಂದು ಕೊಡಿ. ನಾನೇ ಡ್ರೈವರುಗಳಿಗೆ ತೋರಿಸ್ತೀನಿ," ಅಂದಳು ಹೆಂಗಸು. "ಮನೇಲಿ ನೆಟ್ಟಗೆ ತೆಗೆದದ್ದು ಒಂದೂ ಇಲ್ವಾ?"

"ಇತ್ತು," ಅಂದಳು ಎಕ್ಸ್‌ರೇ ಅಕ್ಕ. "ಒಂದಿತ್ತು. ಚೆನ್ನಾಗಿಲ್ಲ ಅಂತ ಅಳಿಸಿಬಿಟ್ಟೆ."